ನೀಲಿಗಟ್ಟಿದ ಅಲಗು

ಕತ್ತಿ ಎಂಬ ಹೆಸರು ಬರುವ ಮೊದಲು ನಾನು ಒಂದು ಹಳೆಯ ಜೀಪಿನ ಕಮಾನು ಪಟ್ಟಿಯಾಗಿದ್ದೆ. ಗಾಲಿಯ ಮೇಲೆ ಕೂತು ಭಾರ ಹೊರುವುದು ನನ್ನ ಕೆಲಸ. ತಗ್ಗು ಬಂದಾಗ ಬಗ್ಗಬೇಕು, ದಾಟಿದ ಮೇಲೆ ಮೊದಲಿನಂತಾಗಬೇಕು. ಅದರ ಹೊರತು ಬೇರೆ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ.

ಜೀಪು ಗುಜರಿ ಸೇರಿದಾಗ ನನ್ನನ್ನು ಗದಗಿನ ಉಸ್ಮಾನಸಾಬ ಎತ್ತಿಕೊಂಡು ಬಂದ. ಅವನದು ಬ್ಯಾಟರಿ ಅಂಗಡಿ. ಅಂಗಡಿಯ ಹಿಂದೆ ತಗಡಿನ ಛಾವಣಿ, ಅದರ ಕೆಳಗೊಂದು ಕುಲುಮೆ. ಆದಿತ್ಯವಾರ ಬಂತೆಂದರೆ ಅಲ್ಲಿ ಮಂದಿ ಸೇರುತ್ತಿದ್ದರು. ಯಾರೂ ಕಮ್ಮಾರರಲ್ಲ, ಎಲ್ಲರೂ ಶೋಕಿಯವರು. ಯಾರ ಬಂದೂಕು ಎಡಕ್ಕೆ ಎಳೆಯುತ್ತದೆ, ಯಾವ ಗುಡ್ಡದಲ್ಲಿ ಬೇಸಿಗೆಯಲ್ಲೂ ನೀರು ಸಿಗುತ್ತದೆ, ಹಸಿ ಕಟ್ಟಿಗೆಗೆ ಬೆಂಕಿ ಹಚ್ಚುವುದು ಹೇಗೆ, ಇದೇ ಮಾತು. ಅವರಲ್ಲಿ ದೊಡ್ಡ ಗಂಟಲು ಬಾಬಣ್ಣ ದೇಸಾಯಿಯದು. ಜೋಡಿ ನಳಿಗೆಯ ಬಂದೂಕು ಇದ್ದದ್ದೂ ಅವನ ಹತ್ತಿರವೇ.

ಆ ಮಂದಿಯದೊಂದು ಕಟ್ಟಳೆ. ತಾನೇ ಬಡಿದ ಕತ್ತಿಯಿಂದ ಒಣ ಜಾಲಿಯ ಕೊರಡು ಕಡಿಯಬೇಕು. ಕಡಿದ ಮೇಲೆ, ಮತ್ತೆ ಮಸೆಯದೆ, ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಗೆದ್ದವರಿಗೆ ಕುಲುಮೆಯ ಮುಂದೆ ಜಾಗ. ಗೆಲ್ಲದವರು ಕುಲುಮೆಗೆ ಗಾಳಿ ಊದುವ ಚಕ್ರ ತಿರುವುತ್ತ, ಚಹಾ ಕಾಸುತ್ತ ಕೂಡಬೇಕು.

ಸಾವಂತ್ರವ್ವ ವರ್ಷವಿಡೀ ಗಾಳಿ ತಿರುವಿದಳು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತಿಯಾದ ಹೆಂಗಸು. ಅಲ್ಲಿದ್ದ ಹೆಂಗಸು ಆಕೆಯೊಬ್ಬಳೇ. ಗಾಳಿ ತಿರುವುತ್ತಲೇ ಎಲ್ಲರ ಕೈಗಳನ್ನು ನೋಡಿಟ್ಟುಕೊಂಡಳು. ಕಡೆಗೆ ತನ್ನ ಪಾಳಿ ಕೇಳಿ ತೆಗೆದುಕೊಂಡು, ಗುಜರಿಯ ರಾಶಿಯಿಂದ ನನ್ನನ್ನು ಎಳೆದಳು.

ಬೆಂಕಿಯಲ್ಲಿ ನಾನು ಕಿತ್ತಳೆ ಹಣ್ಣಿನ ಹಾಗೆ ಆದೆ. ಆಕೆ ಬಡಿದಳು, ಮತ್ತೆ ಕಾಸಿದಳು, ಮತ್ತೆ ಬಡಿದಳು. ಕೊನೆಯ ಕಾವಿನಲ್ಲಿ ಅಯಸ್ಕಾಂತ ತಾಗಿಸಿ ನೋಡಿ, ಅದು ನನ್ನನ್ನು ಹಿಡಿಯದಾದಾಗ ಬಿಸಿ ಎಣ್ಣೆಯಲ್ಲಿ ಅದ್ದಿದಳು. ಅಲ್ಲಿ ನಾನು ಗಡಸಾದೆ. ಆಮೇಲೆ ಸಣ್ಣ ಕಾವಿನಲ್ಲಿಟ್ಟು, ಒಣ ಹುಲ್ಲಿನ ಬಣ್ಣ ಬಂದ ಕೂಡಲೇ ತೆಗೆದಳು. ಹಾಗೆ ಮಾಡದಿದ್ದರೆ ಮೊದಲ ಏಟಿಗೇ ಗಾಜಿನಂತೆ ಮುರಿಯುತ್ತಿದ್ದೆ. ಮೈ ಕಪ್ಪಗೇ ಇತ್ತು, ಸುತ್ತಿಗೆಯ ಗುರುತುಗಳು ಹಾಗೇ ಇದ್ದವು. ಆಕೆಗೆ ಅದು ಸಾಕಾಗಿತ್ತು. ನನಗೂ.

ಮಹಾನವಮಿ ಬಂತು. ಖಂಡೆ ಪೂಜೆಗೆ ಎಲ್ಲರ ಬಂದೂಕು, ಕತ್ತಿಗಳನ್ನು ಉಸ್ಮಾನಸಾಬನ ಛಾವಣಿಯ ಕೆಳಗೇ ಜೋಡಿಸುವ ರೂಢಿ. ಬಾಬಣ್ಣ ಮನೆಯಿಂದ ಕರೆಂಟಿನ ಪಾಲಿಶ್ ಗಾಲಿ ತಂದಿದ್ದ.

“ಏ ಸಾವಂತ್ರಕ್ಕಾ, ಇದೇನ ಕತ್ತಿನೋ, ಒಲಿಯಾಗಿನ ಕೊಳ್ಳಿನೋ? ದೇವರ ಮುಂದ ಇಂಥಾ ಕರಿ ಮಾರಿ ಇಡತಿ ಏನು?”

“ಮಾರಿ ತೋರ್ಸಾಕ ಮಾಡಿಲ್ರಿ ದೇಸಾಯರ, ಕಡಿಯಾಕ ಮಾಡೇನಿ. ಮುಟ್ಟಬ್ಯಾಡ್ರಿ.”

ಆಕೆ ಹೂವು ತರಲು ಹೋದಳು. ಬಾಬಣ್ಣ ನನ್ನನ್ನು ಗಾಲಿಗೆ ಹಿಡಿದ. ಕೆಟ್ಟ ಮನಸ್ಸಿನಿಂದಲ್ಲ, ಅವನ ಕಣ್ಣಿಗೆ ಹೊಳೆಯದ್ದು ಕತ್ತಿಯೇ ಅಲ್ಲ. ಆದರೆ ನನ್ನ ಅಂಚು ತೆಳು. ಗಾಲಿಯ ಉಜ್ಜಾಟಕ್ಕೆ ಸುಡತೊಡಗಿತು, ನವಿಲಿನ ಕುತ್ತಿಗೆಯಂಥ ನೀಲಿ ಅಂಚಿನುದ್ದಕ್ಕೂ ಓಡಿತು. ಉಕ್ಕಿಗೆ ಆ ಬಣ್ಣ ಬಂತೆಂದರೆ ಗಡಸು ಹೋಯಿತೆಂದೇ ಅರ್ಥ. ಬಾಬಣ್ಣನಿಗೂ ಅದು ಗೊತ್ತಿತ್ತು. ಅತ್ತಿತ್ತ ನೋಡಿದ. ಪಾಲಿಶ್ ಹಚ್ಚಿ ನೀಲಿಯನ್ನು ಅಳಿಸಿ, ನನ್ನನ್ನು ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚಿಬಿಟ್ಟ.

ಹೂವು ತಂದ ಸಾವಂತ್ರವ್ವ ನನ್ನನ್ನು ನೋಡಿ ಹಲ್ಲು ಕಡಿದಳು. ಆದರೆ ಪೂಜೆಗಿಟ್ಟ ಖಂಡೆಯನ್ನು ದಶಮಿಯ ಬನ್ನಿ ಕೊಡುವವರೆಗೆ ಯಾರೂ ಎತ್ತುವಂತಿಲ್ಲ. ನಾನು ಕನ್ನಡಿಯಂತೆ ಹೊಳೆಯುತ್ತ, ಒಳಗೆ ಮೆತ್ತಗಾಗಿ ಬಿದ್ದಿದ್ದೆ. ಹೇಳಲು ಬಾಯಿಲ್ಲ.

ಬನ್ನಿ ಕೊಟ್ಟ ಮರುದಿನ ಊರ ಹೊರಗಿನ ಹಳೆಯ ಕಲ್ಲುಗಣಿಯಲ್ಲಿ ಪರೀಕ್ಷೆ. ಸಾವಂತ್ರವ್ವ ಜಾಲಿಯ ಕೊರಡಿಗೆ ಬೀಸಿದಳು. ನನ್ನ ಅಂಚು ಹಾಳೆಯಂತೆ ಮಡಚಿತು. ಹಗ್ಗಕ್ಕೆ ಹೊಡೆದರೆ ಹಗ್ಗ ಸುಮ್ಮನೆ ಜೋಕಾಲಿ ಆಡಿತು. ಮಂದಿ ಹೊಟ್ಟೆ ಹಿಡಿದು ನಕ್ಕರು.

“ಟಿಕೆಟ್ ಹರದಂಗಲ್ಲಬೇ ಇದು!” ಬಾಬಣ್ಣ ಎಲ್ಲರಿಗಿಂತ ಜೋರಾಗಿ ಅಂದ. “ಸೀಟಿ ಊದು, ಇಲ್ಲೇ ಇಳದಬಿಡು.”

ಉಸ್ಮಾನಸಾಬ ಮಾತ್ರ ನಗಲಿಲ್ಲ. “ಎಣ್ಯಾಗ ಅದ್ದೂದು ತಡಾ ಆಗೇತಿ ಅನಸ್ತೈತಿ, ಅಕ್ಕಾ. ಇನ್ನೊಂದ ವರ್ಷ ಗಾಳಿ ತಿರುವು. ನೋಡೂಣಂತ.”

“ತಡಾ ಆಗಿಲ್ಲ. ಕಾನಸ ಕೊಡು, ಸಾಬಣ್ಣಾ.”

ಉಕ್ಕು ಉಜ್ಜುವ ಕಾನಸನ್ನು ಆಕೆ ನನ್ನ ಅಂಚಿನ ಮೇಲೆ ಎಳೆದಳು. ಅದು ಬೆಲ್ಲ ತುರಿದಂತೆ ತುರಿಯಿತು. ಅಂಚಿನಿಂದ ಒಂದು ಬೆರಳಷ್ಟು ಮೇಲೆ ಎಳೆದಳು. ಅಲ್ಲಿ ಕಾನಸು ಕಚ್ಚದೆ ಕಿರ್ರೆಂದು ಜಾರಿತು.

“ಕೇಳಿದ್ರೇನು? ಅದ್ದೂದು ತಪ್ಪಿದ್ರ ಇಡೀ ಕತ್ತಿ ಮೆತ್ತಗ ಇರಬೇಕಿತ್ತು. ಅಂಚ ಒಂದ ಹೆಂಗ ಮೆತ್ತಗಾತು?”

ಎಲ್ಲರ ಕಣ್ಣು ಪಾಲಿಶ್ ಗಾಲಿ ತಂದಿದ್ದ ಬಾಬಣ್ಣನತ್ತ ತಿರುಗಿತು.

“ನಾ ಹೊಳಪ ಕೊಟ್ಟೇನಿ ಅಷ್ಟ” ಎಂದ ಅವನು, ಟೋಪಿ ಸರಿಮಾಡಿಕೊಳ್ಳುತ್ತ. “ಹೋಗ್ಲಿ ಬಿಡು, ಹೊಸಾದು ಕೊಡಸ್ತೇನಿ. ಜರ್ಮನಿದು.”

“ಹೊಳಪ ನೀವ ಇಟಗೋರಿ. ಜರ್ಮನಿದೂ ನೀವ ಇಟಗೋರಿ. ಯಾರೂ ಮನಿಗೆ ಹೋಗಬ್ಯಾಡ್ರಿ. ಇನ್ನೊಂದ ಕೊರಡ ತರ್ರಿ.”

ಆಕೆ ಕಲ್ಲಿನ ಮೇಲೆ ಕೂತು, ನೀರು ಹಾಕಿ ನನ್ನನ್ನು ಕೈಯಿಂದಲೇ ತಿಕ್ಕತೊಡಗಿದಳು. ಸುಟ್ಟ ಅಂಚೆಲ್ಲ ಸವೆದುಹೋಗಬೇಕು, ಅದರ ಮೇಲಿನ ಗಟ್ಟಿ ಉಕ್ಕು ಅಂಚಾಗಬೇಕು. ಗಾಲಿಗೆ ಹಿಡಿದರೆ ಬೇಗ ಆಗುತ್ತಿತ್ತು, ಮತ್ತೆ ಸುಡುತ್ತಿತ್ತು. ಮಂದಿ ಗೊಣಗಿದರು, ಬುತ್ತಿ ಬಿಚ್ಚಿ ಉಂಡರು, ಅಡ್ಡಾದರು. ಆಕೆ ಉಣ್ಣಲಿಲ್ಲ. ಬೆರಳ ತುದಿ ಒಡೆದು ನೀರು ಕೆಂಪಾಯಿತು. ಒಂದು ಹೊತ್ತಿನಲ್ಲಿ ಉಸ್ಮಾನಸಾಬ ಬಂದು ಪಕ್ಕದಲ್ಲಿ ಕೂತು ನೀರು ಹನಿಸತೊಡಗಿದ.

ಬಿಸಿಲು ಇಳಿಯುವಾಗ ಆಕೆ ಎದ್ದು ಕೊರಡಿಗೆ ಬೀಸಿದಳು. ಈ ಸಲ ನಾನು ಮಡಚಲಿಲ್ಲ. ಚಕ್ಕೆ ಸಿಡಿದು ಬಾಬಣ್ಣನ ಬೂಟಿನ ಹತ್ತಿರ ಬಿತ್ತು. ಕೊರಡು ತುಂಡಾದ ಮೇಲೆ ಅದೇ ಕೈಯಿಂದ ಹಗ್ಗಕ್ಕೆ. ಕೆಳಗಿನ ಅರ್ಧ ಮಣ್ಣಿಗೆ ಬಿತ್ತು. ಮೇಲಿನದು ಅಲುಗಾಡಲಿಲ್ಲ.

“ಬರೂ ಆದಿತ್ಯವಾರ ಸುತ್ತಿಗಿ ನಿಂದು, ಅಕ್ಕಾ” ಎಂದ ಉಸ್ಮಾನಸಾಬ.

ಬಾಬಣ್ಣ ತಪ್ಪಾಯಿತು ಎಂದು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಆದರೆ ಆ ಆದಿತ್ಯವಾರ ಎಲ್ಲರಿಗಿಂತ ಮೊದಲು ಬಂದು, ಯಾರ ಮುಖವನ್ನೂ ನೋಡದೆ ಗಾಳಿ ತಿರುವುವ ಜಾಗದಲ್ಲಿ ಕೂತ.

“ಸವಕಾಶ ತಿರುವ್ರಿ ದೇಸಾಯರ, ಇದು ಪಾಲಿಶ್ ಗಾಲಿ ಅಲ್ಲ” ಎಂದಳು ಸಾವಂತ್ರವ್ವ. ಅವನೂ ನಕ್ಕುಬಿಟ್ಟ.

ಅದಾಗಿ ಬಹಳ ಕಾಲವಾಯಿತು. ಬಾಬಣ್ಣ ಈಗಿಲ್ಲ. ಸಾವಂತ್ರವ್ವನ ಮಣಿಕಟ್ಟು ಸೋತ ಮೇಲೆ ಆಕೆ ನನ್ನನ್ನು ಮಂದಿಯ ಎಲ್ಲರಿಗೂ ಸೇರಿದ ಸಾಮಾನಿನ ಚೀಲಕ್ಕೆ ಹಾಕಿಬಿಟ್ಟಳು. ಗುಡ್ಡಕ್ಕೆ ಹೋದವರ ಕೈಗೆ ನಾನು. ಅಡಿಗೆಗೆ ಸೌದೆ ಸೀಳುತ್ತೇನೆ, ಡೇರೆಗೆ ಗೂಟ ಚೂಪು ಮಾಡುತ್ತೇನೆ, ಉಳ್ಳಾಗಡ್ಡಿಯನ್ನೂ ಹೆಚ್ಚುತ್ತೇನೆ. ಮಸೆದು ಮಸೆದು ಬೆರಳಗಲ ಉಳಿದಿದ್ದೇನೆ.

ಹೊಸಬರು ನನ್ನನ್ನು ಎತ್ತಿ ನೋಡಿ, ಇನ್ನು ಇದನ್ನು ತಿಕ್ಕಿ ತೊಳೆದು ಗಾಜಿನ ಪೆಟ್ಟಿಗೆಯಲ್ಲಿ ಇಡೋಣ, ಪಾಪ, ಮುದಿಯಾಯಿತು ಎನ್ನುತ್ತಾರೆ. ಯಾಕೆ ಪಾಪ? ನನ್ನ ಮೈ ಯಾರೂ ಕದ್ದಿಲ್ಲ, ದುಡಿದು ಕರಗಿದೆ. ಗಾಜಿನ ಹಿಂದೆ ನಿಂತು ಹೊಳೆಯುವ ಕತ್ತಿಗಳು ಬೇಕಾದಷ್ಟಿವೆ, ಅವನ್ನು ಇಡಲಿ. ನನಗೆ ಕಲ್ಲು ಮತ್ತು ನೀರು ತರಲಿ. ಕಟ್ಟಿಗೆ ಇನ್ನೂ ಸೀಳಿಲ್ಲ, ಮಂದಿ ಹಸಿದು ಕೂತಿದ್ದಾರೆ.