ಕೋಟೆ ಬಾಗಿಲು ಮುಚ್ಚಿದ ಅರಸ

ನಾನು ಒಂದು ಆಟದ ಯಂತ್ರ. ಅಂಗಡಿಯವರು ಗೇಮ್ ಕನ್ಸೋಲ್ ಎನ್ನುತ್ತಾರೆ. ಹುಬ್ಬಳ್ಳಿಯ ಮನೆಯಲ್ಲಿ ನನ್ನ ಹೆಸರು ಗೇಮ್ ಡಬ್ಬಿ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ, ಕೈಗವಸು ತೊಟ್ಟ ಹೆಣ್ಣುಮಕ್ಕಳ ಬೆರಳುಗಳ ನಡುವೆ ಹುಟ್ಟಿದೆ. ಕತ್ತಲ ಪೆಟ್ಟಿಗೆಯಲ್ಲಿ ಹಡಗು ಹತ್ತಿ, ಬೆಳಗಾವಿಯ ಒಬ್ಬ ಡಾಕ್ಟರರ ಮನೆಗೆ ಬಂದೆ. ಅಲ್ಲಿನ ಮಕ್ಕಳಿಗೆ ನಾನು ಬೇಗ ಹಳಬನಾದೆ. ಹೊಸದು ಬಂದಾಗ ನನ್ನನ್ನು ಹಳೆ ಸಾಮಾನಿನ ಅಂಗಡಿಗೆ ಕೊಟ್ಟರು. ಹೊಟ್ಟೆಯಲ್ಲಿ ಒಂದು ಸಿ.ಡಿ. ಉಳಿದುಹೋಗಿತ್ತು. ಅದನ್ನು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಆ ಸಿ.ಡಿ. ಸಮೇತ ನನ್ನನ್ನು ಕೊಂಡವನು ಪ್ರಭುದೇವ. ಅವನ ಅಪ್ಪ ಮಹಾರುದ್ರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮೊಬೈಲ್ ಅಂಗಡಿಯಲ್ಲಿ ನಿಂತ ದಿನದಿಂದ ಅವನೊಡನೆ ಮಾತು ನಿಲ್ಲಿಸಿದ್ದ. ಬೈಗುಳವಿರಲಿಲ್ಲ, ಜಗಳವಿರಲಿಲ್ಲ. ಒಂದೇ ಮನೆಯಲ್ಲಿ ಅಪ್ಪ ಮುಂಚೆ ಉಣ್ಣುತ್ತಿದ್ದ, ಮಗ ಆಮೇಲೆ ಉಣ್ಣುತ್ತಿದ್ದ. ತಾಯಿ ನೀಲಗಂಗವ್ವ ಇಬ್ಬರಿಗೂ ಬಡಿಸುತ್ತಿದ್ದಳು.

ಪ್ರಭು ಸಂಜೆ ಬಂದವನೇ ನನ್ನೆದುರು ಕೂರುತ್ತಿದ್ದ. ನನ್ನಲ್ಲಿದ್ದದ್ದು ಒಬ್ಬ ರಾಜಕುಮಾರನ ಕಥೆ. ದೈತ್ಯರ ಸೈನ್ಯ ಬಂದ ದಿನ ಅರಸ ಕೋಟೆಯ ಬಾಗಿಲು ಮುಚ್ಚಿದ. ಅವನ ಚಿಕ್ಕ ಮಗ ಹೊರಗೇ ಉಳಿದ. ಅಂಬಿಗರ ಮನೆಯಲ್ಲಿ ಬೆಳೆದ ಆ ಮಗ ದೊಡ್ಡವನಾಗಿ ಕೋಟೆಯ ಕಡೆ ಹೊರಡುತ್ತಾನೆ. ಅರಸ ಹಾಗೇಕೆ ಮಾಡಿದ ಎಂಬುದನ್ನು ಆಟ ಒಂದೇ ಬಾಯಲ್ಲಿ ಹೇಳುವುದಿಲ್ಲ. ಆಡುವವನು ಯಾವ ಹಾದಿ ಹಿಡಿಯುತ್ತಾನೋ ಅದರ ಮೇಲೆ ಕಥೆ ಸಿಗುತ್ತದೆ. ಒಂದು ಊರಿನಲ್ಲಿ ಅರಸ ಹೇಡಿ ಎನ್ನುತ್ತಾರೆ. ಇನ್ನೊಂದರಲ್ಲಿ, ಮಗನನ್ನೇ ಶತ್ರುವಿಗೆ ಮಾರಿದ ಎನ್ನುತ್ತಾರೆ. ಪ್ರಭು ಒಂದೊಂದು ಚೂರನ್ನೂ ಕೇಳಿ, ಹಿಂದೆ ಹೋಗಿ, ಮತ್ತೊಂದು ಹಾದಿ ಹಿಡಿದು, ಎಲ್ಲವನ್ನೂ ಜೋಡಿಸಲು ಹೆಣಗುತ್ತಿದ್ದ. ಬಾಗಿಲಾಚೆ ಮಹಾರುದ್ರಪ್ಪನ ಕಾಲುಗಳು ಬಂದು ನಿಲ್ಲುವುದು, ಒಳಗೆ ಬಾರದೆ ತಿರುಗುವುದು ನನಗೆ ಕಾಣುತ್ತಿತ್ತು.

ಆ ಮಳೆಗಾಲದಲ್ಲಿ ಪ್ರಭುವಿಗೆ ಜ್ವರ ಬಂತು. ಡೆಂಗೀ ಎಂದರು. ಆಸ್ಪತ್ರೆಗೆ ನಡೆದುಕೊಂಡು ಹೋದ ಹುಡುಗ ತಿರುಗಿ ಬರಲಿಲ್ಲ. ನನ್ನ ಮೇಲೆ ಧೂಳು ಕೂತಿತು. ನೀಲಗಂಗವ್ವ ಎಲ್ಲವನ್ನೂ ಒರೆಸುತ್ತಿದ್ದಳು, ನನ್ನೊಬ್ಬನನ್ನು ಬಿಟ್ಟು.

ಮರುವರ್ಷ ಮಹಾರುದ್ರಪ್ಪನ ತಮ್ಮನ ಮಗಳು ಶಾಲ್ಮಲಾ ಬಿ.ಎಡ್. ಓದಲು ಆ ಮನೆಗೆ ಬಂದಳು. ಒಂದು ಸಂಜೆ ಮಹಾರುದ್ರಪ್ಪ ಕೈಯಾರೆ ನನ್ನ ಧೂಳು ಒರೆಸಿ ಅವಳನ್ನು ಕರೆದ. ಪ್ರಭು ಇದರಲ್ಲಿ ಏನು ನೋಡುತ್ತಿದ್ದ, ಅದು ಯಾವ ಕಥೆ, ಎಲ್ಲಿಗೆ ನಿಲ್ಲಿಸಿದ್ದಾನೆ ಎಂದು ತಿಳಿಯಬೇಕು. ಇಂಗ್ಲಿಷ್ ತನಗೆ ಬಾರದು, ಓದಿ ಹೇಳಬೇಕು ಎಂದ.

ಶಾಲ್ಮಲಾ ಪ್ರಭು ಉಳಿಸಿಟ್ಟ ಆಟವನ್ನು ತೆರೆದಳು. ಹಾಗೆ ತೆರೆದಾಗ, ಆಡಿದವನು ಅಲ್ಲಿಯವರೆಗೆ ಆಯ್ದುಕೊಂಡದ್ದನ್ನಷ್ಟೇ ನಾನು ಕೆಲವು ಸಾಲುಗಳಲ್ಲಿ ತೋರಿಸುತ್ತೇನೆ. ಅವಳು ಓದುತ್ತ ಹೋದಳು. ಕೊನೆಯ ಸಾಲಿಗೆ ತಡೆದಳು. ‘ಮುದಿ ಅರಸ ಕೈ ಚಾಚಿದ. ನೀನು ಹಿಡಿಯಲಿಲ್ಲ’ ಎಂದು ಅಲ್ಲಿತ್ತು.

“ಅಪ್ಪ ಕೈ ಚಾಚ್ಯಾನ ದೊಡ್ಡಪ್ಪ. ಮಗಾ ಹಿಡಕೊಂಡಾನ,” ಎಂದಳು ಶಾಲ್ಮಲಾ.

ಮಹಾರುದ್ರಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅಂದು ಎರಡು ರೊಟ್ಟಿ ಹೆಚ್ಚು ಉಂಡ ಎಂದು ನೀಲಗಂಗವ್ವ ಪಕ್ಕದ ಮನೆಯವಳಿಗೆ ಹೇಳಿದ್ದು ನನಗೆ ಕೇಳಿತು.

ಆಮೇಲೆ ಸಂಜೆಯಾದರೆ ಇಬ್ಬರೂ ನನ್ನೆದುರು. ಪರದೆಯ ಮೇಲೆ ಕಾಣುತ್ತಿದ್ದುದು ಕೈ ಹಿಡಿಯದ ಮಗನ ಹಾದಿ. ಶಾಲ್ಮಲಾ ಹೇಳುತ್ತಿದ್ದುದು ಹಿಡಿದ ಮಗನ ಕಥೆ. ಪಾಪ, ದಿನವೂ ಹೊಸದಾಗಿ ಕಟ್ಟಬೇಕಾಗುತ್ತಿತ್ತು. ರಾಜಕುಮಾರ ಬರಿದಾದ ಅರಮನೆಯಲ್ಲಿ ಒಬ್ಬನೇ ಅಲೆಯುತ್ತಿದ್ದ. ಅರಸ ಎಲ್ಲಿ ಎಂದು ದೊಡ್ಡಪ್ಪ ಕೇಳಿದರೆ, ದಣಿದು ಮಲಗಿದ್ದಾನೆ ಎನ್ನುತ್ತಿದ್ದಳು. ಆಳುಗಳು ಯಾಕೆ ಅಳುತ್ತಿದ್ದಾರೆ ಎಂದರೆ, ಸಂತೋಷಕ್ಕೆ ಎನ್ನುತ್ತಿದ್ದಳು. ಅವಳ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಕಡೆಗೆ ರಾಜಕುಮಾರ ಹಿಂದಿನ ಅಂಗಳಕ್ಕೆ ಬಂದ. ಅಲ್ಲಿ ಚಿತೆಯಿತ್ತು. ಅದರ ಮೇಲೆ ಕಿರೀಟವಿತ್ತು. ಅದನ್ನು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ.

“ಶಾಲೂ, ಅಲ್ಲೇನ್ ಬರದೈತಿ ಅದನ್ನ ಓದು,” ಎಂದ ಮಹಾರುದ್ರಪ್ಪ.

ಅವಳು ಓದಿದಳು. ಮೊದಲ ದಿನದ ಸಾಲನ್ನೂ ಇದ್ದಹಾಗೆಯೇ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಆಟದಲ್ಲಿ ಹೀಗೆ ಒತ್ತಿದರೆ ಏನಾಗುತ್ತದೆ, ಹಾಗೆ ಒತ್ತಿದರೆ ಏನಾಗುತ್ತದೆ ಎಂದು ಎಲ್ಲರೂ ನೋಡುತ್ತಾರೆ, ಅದು ಮನಸ್ಸಿನ ಮಾತಲ್ಲ ಎಂದಳು. ನಿಜವಿರಬಹುದು. ಆ ಗುಂಡಿ ಒತ್ತುವ ಮುಂಚೆ ಪ್ರಭುವಿನ ಹೆಬ್ಬೆರಳು ಬಹಳ ಹೊತ್ತು ತಡೆದಿತ್ತು ಎಂಬುದಷ್ಟೇ ನನಗೆ ಗೊತ್ತು. ಯಾಕೆ ತಡೆಯಿತು, ಯಾಕೆ ಒತ್ತಿತು ಎಂಬುದು ನನಗೂ ಗೊತ್ತಿಲ್ಲ.

“ಕೈ ಹಿಡೀಲಿಲ್ಲ ಅಂದ್ರ ಹಿಡೀಲಿಲ್ಲ,” ಎಂದ ಮಹಾರುದ್ರಪ್ಪ. “ಅಂವಾ ಓದಿದ್ದನ್ನ ನಾನೂ ಓದಬೇಕು. ಮುಂದ ನಡಿ.”

ಮುಂದೆ ಕೋಟೆಯ ಬಾಗಿಲ ಬಳಿ ಮುದಿ ಕಾವಲುಗಾರನೊಬ್ಬ ಕೂತಿದ್ದ. ರಾಜಕುಮಾರನನ್ನು ಕಂಡು, ‘ಮತ್ತೆ ಬಂದೆಯಾ? ಇನ್ನೊಮ್ಮೆ ಕೇಳುತ್ತೀಯಾ?’ ಎಂದ. ಅಂದರೆ ಆಟ ಉಳಿಸಿಡುವ ಮುಂಚೆಯೇ ಪ್ರಭು ಅವನ ಮಾತನ್ನು ಕೇಳಿದ್ದ. ಶಾಲ್ಮಲಾ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು. ದೈತ್ಯರು ಹುಡುಗನ ಬೆನ್ನ ಹಿಂದೆಯೇ ಇದ್ದರು. ಕೋಟೆಯೊಳಗೆ ಊರಿಗೆ ಊರೇ ಇತ್ತು. ಸರಪಳಿಗೆ ತೂಗಿದ್ದ ಬಾಗಿಲನ್ನು ಇಳಿಸಿ ಮುಚ್ಚಲು ಯಾವ ಕಾವಲುಗಾರನಿಗೂ ಕೈ ಬರಲಿಲ್ಲ. ಅರಸ ತಾನೇ ಸರಪಳಿ ಹಿಡಿದು ಇಳಿಸಿದ. ಅಂದಿನಿಂದ ಸಾಯುವವರೆಗೆ ಪ್ರತಿ ಸಂಜೆ ಬಾಗಿಲು ತೆಗೆಸಿ, ಹಾದಿ ನೋಡುತ್ತ ಕೂರುತ್ತಿದ್ದ. ಕೈ ಹಿಡಿದವರಿಗೆ ಈ ಮಾತು ಸಿಗುವುದೇ ಇಲ್ಲ. ತಿರುಗಿ ನಡೆದವರಿಗೆ, ಅರಸ ಸತ್ತ ಮೇಲೆ ಸಿಗುತ್ತದೆ.

ಮಹಾರುದ್ರಪ್ಪ ಗೋಡೆಗೆ ಒರಗಿದ. ಅವನ ಮುಂಗೈ ಮೇಲೆ ಬೆಸುಗೆಯ ಕಿಡಿ ಹಾರಿದ ಹಳೆಯ ಕಲೆಗಳಿದ್ದವು. ಅವನ್ನೇ ಸವರಿಕೊಳ್ಳುತ್ತ ಬಹಳ ಹೊತ್ತು ಕೂತ.

ಆಟದಿಂದ ಹೊರಬರಲು ಹೋದಾಗ ಶಾಲ್ಮಲಾಳಿಗೆ ಪಟ್ಟಿಯ ಕೆಳಗೆ ಉಳಿಸಿಟ್ಟ ಇನ್ನೊಂದು ಆಟ ಕಂಡಿತು. ಕಾವಲುಗಾರನ ಕಥೆ ಕೇಳಿದ ಮೇಲೆ ಪ್ರಭು ಮೊದಲಿನಿಂದ ಹೊಸದಾಗಿ ಶುರು ಮಾಡಿದ್ದ. ಜ್ವರ ಏರುತ್ತಿದ್ದಾಗಲೂ ಕಂಬಳಿ ಹೊದ್ದು ಆಡಿದ್ದ. ರಾಜಕುಮಾರ ಕೋಟೆಯ ಮುಂದಿನ ಸೇತುವೆಯ ಮೇಲೆ ನಿಂತಿದ್ದ. ಅರಸ ಇನ್ನೂ ಬದುಕಿದ್ದ, ಬಾಗಿಲು ತೆರೆದಿತ್ತು.

“ಮುಂದ ಒಯ್ಯಲಿ ದೊಡ್ಡಪ್ಪ?”

“ಬ್ಯಾಡ. ಅಂವಾ ಎಲ್ಲಿಗೆ ಬಿಟ್ಟಾನ ಅಲ್ಲೇ ಇರ್ಲಿ. ಉಳಿದದ್ದನ್ನ ನಾವು ಆಡಬಾರದು.”

ನೀಲಗಂಗವ್ವ ಎಂದೂ ಈ ಕೋಣೆಯಲ್ಲಿ ಕೂತವಳಲ್ಲ. ಅಂದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಸೋಸುತ್ತಿದ್ದ ಮೆಂತ್ಯಸೊಪ್ಪು ಹಾಗೆಯೇ ಇತ್ತು.

“ಆ ಹುಡುಗಗ ಅವ್ವ ಇರಲಿಲ್ಲೇನ್ರಿ?” ಎಂದು ಕೇಳಿದಳು.

ಮಹಾರುದ್ರಪ್ಪ ಶಾಲ್ಮಲಾಳ ಮುಖ ನೋಡಿದ. ಅವಳು ಯೋಚಿಸಿ, ಆಟದಲ್ಲಿ ರಾಣಿಯ ಸುದ್ದಿಯೇ ಇಲ್ಲ ದೊಡ್ಡವ್ವ ಎಂದಳು. ನಾನೂ ನನ್ನೊಳಗೆಲ್ಲ ಹುಡುಕಿದೆ. ಎಷ್ಟೊಂದು ಹಾದಿ, ಎಷ್ಟೊಂದು ಊರು. ಎಲ್ಲೂ ಆಕೆಗೆ ಒಂದು ಹೆಸರಿಲ್ಲ, ಒಂದು ಗೋರಿಯೂ ಇಲ್ಲ.

“ಅಪ್ಪಂದೂ ಕೇಳಿದ್ರಿ, ಮಗಂದೂ ಕೇಳಿದ್ರಿ,” ಎಂದಳು ನೀಲಗಂಗವ್ವ. “ಆಕಿನ್ನ ಯಾರೂ ಕೇಳಲೇ ಇಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸೊಪ್ಪು ಹಿಡಿದು ಒಳಗೆ ಹೋದಳು.

ಮಹಾರುದ್ರಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ತಾನೇ ನನ್ನನ್ನು ಬಂದ್ ಮಾಡಿದ. ಅಡುಗೆಮನೆಯಲ್ಲಿ ಮಣೆ ಎಳೆದ ಸದ್ದಾಯಿತು. “ನಿನ್ನ ಮುಂದ ಅಂವಾ ಏನೇನ್ ಹೇಳತಿದ್ದ?” ಎಂದು ಅವನು ಕೇಳಿದ್ದು ಕೇಳಿತು. ಆಮೇಲೆ ನೀಲಗಂಗವ್ವನ ದನಿ ಶುರುವಾಯಿತು. ನಡುವೆ ಅಳುವಿತ್ತು, ಒಮ್ಮೆ ಸಣ್ಣ ನಗುವೂ ಇತ್ತು. ಮಾತುಗಳು ನನ್ನವರೆಗೆ ಬರಲಿಲ್ಲ.

ಆ ಮೇಲೆ ಯಾರೂ ನನ್ನನ್ನು ಹಚ್ಚಲಿಲ್ಲ. ಶಾಲ್ಮಲಾ ಗದಗಿನ ಶಾಲೆಯೊಂದಕ್ಕೆ ಟೀಚರಾಗಿ ಹೋದಳು. ತೇವ ಹಿಡಿದು ನನ್ನ ಕಣ್ಣು ಮಂಜಾಯಿತು. ಈಗ ಹಚ್ಚಿದರೂ ಆ ಸಿ.ಡಿ. ನನಗೆ ಓದಲು ಬಾರದು. ಮಂಚದ ಕೆಳಗೆ, ಹಳೆಯ ಟ್ರಂಕಿನ ಪಕ್ಕದಲ್ಲಿ ಬಿದ್ದಿದ್ದೇನೆ. ಸಂಜೆಯಾದರೆ ಅಡುಗೆಮನೆಯಿಂದ ಎರಡು ದನಿಗಳು ಕೇಳುತ್ತವೆ. ಅವರ ಮಗನ ಬಗ್ಗೆ ನನಗೆ ಗೊತ್ತಿದ್ದುದು ಅವನ ಹೆಬ್ಬೆರಳು ಮಾತ್ರ. ಉಳಿದದ್ದೆಲ್ಲ ಆಕೆಯ ಬಳಿ ಇತ್ತು.