ಕೆಂಪು ಬರಲಿ

ಅಡುಗೆಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಟಿಕ್ಕೆಂದಿತು, ಕಾದಿದೆ ಅಂತ, ಅದರ ಬೆನ್ನಿಗೇ ಹಜಾರದ ಕರೆಂಟು ಮೀಟರಿನ ಗುಂಯ್ಗುಡುವ ದನಿ ಒಂದೆಳೆ ಇಳಿಯಿತು, ಬೇರೆ ಯಾರ ಕಿವಿಗೂ ಬೀಳುವಂಥದ್ದಲ್ಲ, ನಲವತ್ತೆಂಟು ವರ್ಷ ಅದರ ಕೆಳಗೇ ಓಡಾಡಿದವಳ ಕಿವಿಗೆ ಬೀಳುತ್ತದೆ, ಈಗ ಗಾಜಿನೊಳಗಿನ ತಗಡಿನ ಚಕ್ರ ನಿಧಾನವಾಗಿರುತ್ತದೆ, ಅದರ ಅಂಚಿನ ಕೆಂಪು ಗುರುತು ಈಗಷ್ಟೇ ಹಿಂದಕ್ಕೆ ಹೋಗಿರುತ್ತದೆ, ಜುಲ್ಮೀರಾ ನೋಡದೆಯೇ ಹೇಳಬಲ್ಲಳು – ಇನ್ನೊಂದು ದಿಂಬಿನ ಚೀಲ, ಇದೊಂದು ಮುಗಿಸಿ ಹೇಳುತ್ತೇನೆ ಅಂದಿದ್ದಳು, ಹಾಗನ್ನುತ್ತ ಅಂಗಿ ಮುಗಿಯಿತು, ಟವೆಲು ಮುಗಿಯಿತು, ಟವೆಲಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ, ಹಜಾರದ ಬೆಂಚಿನ ಮೇಲೆ ಕರೆಂಟು ಕಂಪನಿಯ ಹುಡುಗಿ ರೂತ್ ಹೊಸ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ, ಬಿಳೀ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿಯಷ್ಟಿದೆ, ತಾನೇ ಲೆಕ್ಕ ಓದಿಕೊಂಡು ತಾನೇ ಆಫೀಸಿಗೆ ಹೇಳುತ್ತದಂತೆ. ದೋನಾ ಜುಲ್ಮೀರಾ, ಅವಸರ ಇಲ್ಲ, ಆದ್ರೆ ಮಧ್ಯಾಹ್ನದೊಳಗೆ ಇನ್ನೂ ಮೂರು ಮನೆ ಇದೆ ನಂಗೆ. ಮೀಟರು ಬದಲಿಸುವ ಕಾಗದದಲ್ಲಿ ಎರಡು ಚೌಕ, ಒಪ್ಪಿದ್ದೇನೆ, ಒಪ್ಪಿಲ್ಲ, ಎರಡೂ ಒಂದೇ ಅಳತೆಯವು, ಮಾಡಿದವರಿಗೆ ಎರಡೂ ಒಂದೇ ಇರಬೇಕು. ಮೀಟರಿನೆದುರು ಅದೇರಿತೊ ನಿಂತಿದ್ದಾನೆ, ಗಂಡ, ಈ ಬೆಟ್ಟದೂರು ಕೊವಿಲ್ಯಾದ ಅರ್ಧದಷ್ಟು ಮನೆಗಳ ಮೀಟರು ಓದಿದವನು, ಈಗ ಷರಾಯಿಗೆ ಯಾವ ಕಾಲು ಮೊದಲು ಅನ್ನುವುದು ನೆನಪಿಲ್ಲ, ಮಗಳು ಲೀಡಿಯಾ ಬಂದರೆ ನರ್ಸಮ್ಮ ಬಂದ್ರು ಅನ್ನುತ್ತಾನೆ, ಆದರೆ ದಿನಾ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲುತ್ತಾನೆ.

ಚೀಲದ ಮೂಲೆಯಲ್ಲೊಂದು ಎಳೆ ಬಿಟ್ಟಿದೆ, ಬೆರಳಿಗೆ ತಟ್ಟನೆ ಸಿಕ್ಕಿತು, ಗಿರಣಿಯಲ್ಲಿ ಇದೇ ಕೆಲಸ ಅಲ್ಲವೇ, ನೇಯ್ದ ಉಣ್ಣೆಬಟ್ಟೆಯನ್ನು ಬೆಳಕಿಗೆ ಹಿಡಿದು ತಪ್ಪಿದ ಎಳೆ ಹುಡುಕಿ ಸೂಜಿಯಿಂದ ತುಂಬುವುದು, ಬೆಳಿಗ್ಗೆ ಏಳಕ್ಕೆ ಸೈರನ್ನು, ಅಮ್ಮನೂ ಗಿರಣಿಗೆ, ತಾನೂ ಗಿರಣಿಗೆ, ಇದೇ ಮನೆಗೆ ಬೀಗ, ಆ ಕಾಲಕ್ಕೆ ಮೀಟರು ಓದುವವನು ಬರುವ ದಿನ ಮನೆಯಲ್ಲಿ ಯಾರೂ ಇರದಿದ್ದರೆ ಅಂಕೆಗಳನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಹೋಗುತ್ತಿದ್ದರು, ಬೀದಿಯುದ್ದಕ್ಕೂ ಬಾಗಿಲು ಬಾಗಿಲಿಗೆ ಚೀಟಿ, ಅವಳು ಹಿಟ್ಟಿನ ಅಂಟು ಕಲಸಿ ಅಂಟಿಸಿದ್ದಳು, ದುಂಡಗೆ ಬರೆದಿದ್ದಳು, ಆಗ ಅವಳಿಗೆ ಇಪ್ಪತ್ತೆರಡು ವರ್ಷ, ಅಂಕೆ ಇದ್ದಷ್ಟನ್ನೂ ಎಡದಿಂದ ಬಲಕ್ಕೆ, ಕೊನೆಯ ಕೆಂಪು ಚೌಕದೊಳಗಿನದನ್ನೂ ಬಿಡದೆ, ಸಾವಿರದ ನೂರ ಮೂವತ್ತಾರು ಇದ್ದದ್ದು ಹನ್ನೊಂದು ಸಾವಿರವಾಗಿ ಕೂತಿತು. ಶನಿವಾರ ಅದೇರಿತೊ ಮೆಟ್ಟಿಲ ಬೀದಿ ಹತ್ತಿ ಬಂದ, ಬೆವರು, ಚರ್ಮದ ಚೀಲ, ಕಿವಿಯ ಮೇಲೆ ಪೆನ್ಸಿಲ್ಲು, ಅಮ್ಮಾ, ಈ ಮನೇಲಿ ಓದಿ ಬರೆದೋರು ಯಾರು, ಇಷ್ಟು ಕರೆಂಟಿಗೆ ಕೆಳಗಿನ ಗಿರಣಿ ಒಂದು ವಾರ ಓಡುತ್ತೆ. ಅಮ್ಮ ಒಳಗಿಂದಲೇ ಕೂಗಿದಳು, ನನ್ನ ಮಗಳಪ್ಪ, ಲೆಕ್ಕದಲ್ಲಿ ಭಾರೀ ಜಾಣೆ, ಸ್ಕೂಲಲ್ಲಿ ಬಹುಮಾನ ಬೇರೆ ಕೊಟ್ಟಿದ್ರು. ಅವಳ ಮುಖ ಕೆಂಡವಾಯಿತು, ಅವನು ನಗಲಿಲ್ಲ, ಅದಕ್ಕೇ ಅವತ್ತು ಅವನು ಮನಸ್ಸಿಗೆ ಬಂದದ್ದು, ಬೇರೆಯವರಾಗಿದ್ದರೆ ನಗುತ್ತಿದ್ದರು, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದ, ಇಲ್ಲಿ ಒಂದು ಕಾಮಾ ಇದೆ, ಮೆನಿನಾ. ಮೆನಿನಾ ಅಂದ, ಹುಡುಗಿಯರನ್ನು ಎಲ್ಲರೂ ಕರೆಯುವ ಹಾಗೇ. ಕೆಂಪು ಅಂಕೆಗೆ ಮುಂಚೆ, ಕಣ್ಣಿಗೆ ಕಾಣಲ್ಲ, ಆದ್ರೆ ಇದೆ, ಕಾಮಾ ಆದ್ಮೇಲಿಂದು ಬರೀ ದಶಾಂಶ. ಕಾಣದ ಅಲ್ಪವಿರಾಮವನ್ನು ಅವಳು ಬಗ್ಗಿ ಬಗ್ಗಿ ಹುಡುಕಿದಳು, ಅವನ ತೋಳಿನಿಂದ ಒದ್ದೆ ಉಣ್ಣೆಯ ವಾಸನೆ, ಓದು ನೋಡೋಣ ಅಂದ, ಅವಳು ಬಾಯಿ ತೆರೆದರೆ, ತಡಿ, ಕೆಂಪು ಬರಲಿ, ಚಕ್ರದ ಗುರುತು ಮುಂದೆ ಬರೋವರೆಗೆ ಓದಬಾರದು, ಅದು ನನ್ನ ಪದ್ಧತಿ. ಕಂಪನಿಯ ಪದ್ಧತಿಯಲ್ಲ, ಅವನದು, ಹಾಗೆ ಕಾಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡ, ನಿಮ್ಮನೇಲಿ ನಿಲ್ಲೋಕೆ ಒಂದು ನೆಪ ಬೇಕಿತ್ತಲ್ಲ. ಎರಡು ತಿಂಗಳ ಮೇಲೆ ಅವಳು ಮತ್ತೆ ಅದೇ ತಪ್ಪು ಬರೆದಳು. ಮತ್ತೆರಡು ತಿಂಗಳಿಗೆ ಮತ್ತೆ. ಬಹುಮಾನದ ಜಾಣೆಗೆ ಏನು ಬಂತೇ ಅಂತ ಅಮ್ಮ ತಲೆ ಚಚ್ಚಿಕೊಂಡಳು. ಮೂರನೇ ಸಲದ್ದು ತಪ್ಪಲ್ಲ, ಮದುವೆ ಪ್ರಸ್ತಾಪ – ಇದನ್ನು ಅವನು ಲೀಡಿಯಾಳ ನಾಮಕರಣದಲ್ಲಿ ಹೇಳಿದ, ಅಮ್ಮನ ತಿಥಿಯ ಊಟದಲ್ಲಿ ಹೇಳಿದ, ಉಪ್ಪುಮೀನು ತಿನ್ನುತ್ತ ಪ್ರತಿ ಕ್ರಿಸ್‌ಮಸ್ಸಿಗೆ ಹೇಳಿದ, ಸಾಕು ಮಾಡೋ ಮಾರಾಯ ಅಂತ ಅವಳು ಬೈಯುತ್ತಿದ್ದಳು, ಈಗ ಒಂದು ಸಲ ಹೇಳಿದರೆ ಸಾಕಾಗಿದೆ.

ಹೇಳುವುದಿಲ್ಲ. ಆದರೆ ಓದುತ್ತಾನೆ. ಬೆಳಿಗ್ಗೆ ರೊಟ್ಟಿಯ ಚೂರು ಕೈಯಲ್ಲೇ ಹಿಡಿದು ಹಜಾರಕ್ಕೆ ಹೋಗುತ್ತಾನೆ, ಬೆನ್ನು ನೆಟ್ಟಗಾಗುತ್ತದೆ, ಕಾಯುತ್ತಾನೆ, ಕೆಂಪು ಬರುತ್ತದೆ, ಎಂಬತ್ತೆರಡು ಸಾವಿರದ ಒಂಬೈನೂರ ಹದಿನೇಳು, ಕಾಮಾ, ಆರು, ಅಂದು ತಿರುಗಿ ಅವಳನ್ನು ನೋಡುತ್ತಾನೆ, ನೋಡುತ್ತಾನೆ ಅಂದರೆ ನಿಜವಾಗಿ ನೋಡುತ್ತಾನೆ, ಬರ್ಕೋ ಮೆನಿನಾ, ಕಾಮಾ ಮರೀಬೇಡ. ಅಷ್ಟೇ. ಆಮೇಲೆ ಇಡೀ ದಿನ ಅವಳು ಯಾರೋ ಒಬ್ಬ ಹೆಂಗಸು, ಸೂಪು ಕೊಡುವವಳು, ಗುಂಡಿ ಹಾಕುವವಳು. ಆ ಒಂದು ಗಳಿಗೆಗಾಗಿ ಅವಳು ಹಾಸಿಗೆಯಿಂದ ಏಳುತ್ತಾಳೆ, ಇದನ್ನು ಯಾವ ಚೌಕದಲ್ಲಿ ಗುರುತು ಹಾಕಿ ಹೇಳುವುದು. ರೂತ್ ಪಾಪ ಒಳ್ಳೆಯವಳು, ಆಗಲೇ ಫೋನಿನಲ್ಲಿ ತೋರಿಸಿದಳು, ನೋಡಿ ದೋನಾ, ಇದ್ರಲ್ಲೂ ಕೆಂಪಿದೆ, ಸಣ್ಣ ದೀಪ, ಮಿಣಮಿಣ ಅನ್ನುತ್ತೆ. ಅದೇರಿತೊ ಇಣುಕಿದ, ಬಂತು, ಹೋಯ್ತು, ಬಂತು, ಹೋಯ್ತು, ಇದು ಕಾಯೋಕೆ ಬಿಡಲ್ಲವಲ್ಲ, ಯಾರ ಮನೆ ಗಡಿಯಾರ ಇದು ಅಂದ. ಹಾಗಾದ್ರೆ ಹಳೇದೂ ಗೋಡೆ ಮೇಲೇ ಇರಲಿ, ಅಂತ ಜುಲ್ಮೀರಾ ಕೇಳಿದ್ದಕ್ಕೆ, ವಾಪಸ್ ಕೊಡ್ಲೇಬೇಕು ದೋನಾ, ಇಟ್ಕೊಂಡ್ರೂ ಕರೆಂಟಿಲ್ಲದೆ ಚಕ್ರ ತಿರುಗಲ್ಲ. ಸರಿ, ಹಾಗಾದರೆ ಬೇಡ ಅಂದುಬಿಟ್ಟರಾಯಿತು, ಎರಡನೆಯ ಚೌಕ, ಮುಗಿಯಿತು ಕತೆ, ಹುಡುಗಿ ಮುಂದಿನ ಮನೆಗೆ ಹೋಗಲಿ.

ಅವನು ಕೆಮ್ಮಿದ. ಹಜಾರದಿಂದ ಬಂತು, ಒಣಕೆಮ್ಮಲ್ಲ, ಎದೆಯ ತಳದಿಂದ ಕೆದಕಿಕೊಂಡು ಬರುವ ಕೆಮ್ಮು, ಕಳೆದ ಚಳಿಗಾಲವೂ ಹೀಗೇ ಶುರುವಾದದ್ದು, ಮೇಲೆ ಬೆಟ್ಟದಲ್ಲಿ ಹಿಮ ಬಿದ್ದ ವಾರ, ಈ ಕಲ್ಲಿನ ಗೋಡೆಗಳು ತೋಯ್ದ ಹಾಗಿರುತ್ತವೆ, ಇಪ್ಪತ್ತಮೂರು ದಿನ ಆಸ್ಪತ್ರೆ, ಡಾಕ್ಟರು ಬಾಗಿಲಲ್ಲೇ ಹೇಳಿದರು, ಕೋಣೆ ಬೆಚ್ಚಗಿರಬೇಕು, ಇನ್ನೊಂದು ಸಲ ಎದೆ ಕಟ್ಟಿದ್ರೆ ನಾನೇನೂ ಹೇಳಲಾರೆ. ಹೀಟರು ತಂದದ್ದಾಯಿತು, ದೊಡ್ಡದು, ಅದನ್ನು ಹಾಕಿ ನೀರು ಕಾಯಿಸಿದರೆ ಕರೆಂಟು ಹಾರುತ್ತದೆ, ಒಲೆ ಹಾಕಿದರೆ ಹಾರುತ್ತದೆ, ಇಸ್ತ್ರಿ ಹಾಕಿದರೂ ಹಾರುತ್ತದೆ, ಅದಕ್ಕೇ ಈಗ ಹೀಟರು ಆರಿಸಿದ್ದಾಳೆ, ಇಷ್ಟು ಹೊತ್ತು ಟವೆಲಿಗೆ ಇಸ್ತ್ರಿ ತಿಕ್ಕುತ್ತ ಅವನನ್ನು ಚಳಿಯಲ್ಲಿ ನಿಲ್ಲಿಸಿದ್ದಾಳೆ, ಎಂಥ ಹೆಂಡತಿಯೋ ಇವಳು. ಹಳೇ ಮೀಟರಿಗೆ ಇದಕ್ಕಿಂತ ಹೆಚ್ಚು ಲೋಡು ಕೊಡೋಕೆ ಬರಲ್ಲ ದೋನಾ, ಹೊಸದಾದ್ರೆ ಇವತ್ತೇ ಏರಿಸಿ ಹೋಗ್ತೀನಿ, ಮಧ್ಯಾಹ್ನಕ್ಕೆ ಮನೆಯೆಲ್ಲ ಬೆಚ್ಚಗೆ. ಬೆಚ್ಚಗಿರುವ ಅದೇರಿತೊ, ಅವಳನ್ನು ನೋಡದ ಅದೇರಿತೊ. ಇಲ್ಲವೇ ದಿನಕ್ಕೊಂದು ಸಲ ನೋಡುವವನು, ಎಷ್ಟು ದಿನ, ಜನವರಿಯವರೆಗೆ, ಮೊದಲ ಹಿಮದವರೆಗೆ. ಅವನನ್ನೇ ಕೇಳಿದ್ದರೆ ಏನನ್ನುತ್ತಿದ್ದ, ಹಿಂದಿನ ಅದೇರಿತೊ, ಅವನು ನಗುತ್ತಿದ್ದ, ನೀನು ನೋಡಿಸಿಕೊಳ್ಳೋಕೆ ನನ್ನ ಚಳೀಲಿ ಸಾಯಿಸ್ತೀಯಾ ಅನ್ನುತ್ತಿದ್ದ, ಅಂದ ಹಾಗೇ ಕೇಳಿಸಿತು, ಅವನ ಹಳೆಯ ದನಿಯಲ್ಲೇ, ಜುಲ್ಮೀರಾಳಿಗೆ ಅಳು ಬಂತು, ದಿಂಬಿನ ಚೀಲದಲ್ಲೇ ಕಣ್ಣೊರೆಸಿಕೊಂಡಳು, ಇನ್ನೂ ಬಿಸಿಯಾಗಿತ್ತು. ಇಸ್ತ್ರಿಯ ಪ್ಲಗ್ಗು ಕಿತ್ತಳು. ಹಜಾರಕ್ಕೆ ಹೋಗಿ, ಪೆನ್ನು ಕೊಡಮ್ಮ, ಅಂದು ಮೊದಲನೆಯ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದಳು, ಅವಳ ಅಕ್ಷರ ಇನ್ನೂ ದುಂಡಗಿದೆ.

ಕೊನೇ ರೀಡಿಂಗ್ ಬರ್ಕೊಂಡು ಮೇನ್ ಆಫ್ ಮಾಡ್ತೀನಿ, ಅಂತ ರೂತ್ ಎದ್ದಳು. ಅವರೇ ಓದ್ಲಿ ಕಣಮ್ಮ, ಅವರದ್ದೇ ಕೆಲಸ ಅದು. ರೂತ್ ಅವನ ಮುಖ ನೋಡಿದಳು, ಏನು ಅರ್ಥವಾಯಿತೋ, ಒಂದು ಹೆಜ್ಜೆ ಹಿಂದೆ ಸರಿದು, ನೀವೇ ಹೇಳಿ ಯಜಮಾನ್ರೇ, ನಾನು ಬರ್ಕೊಳ್ತೀನಿ, ಅಂದಳು. ಅವನ ಬೆನ್ನು ನೆಟ್ಟಗಾಯಿತು. ಕೈ ಕಿವಿಯ ಮೇಲೆ ಹೋಯಿತು, ಪೆನ್ಸಿಲ್ಲಿರಲಿಲ್ಲ, ಇಳಿಯಿತು. ತಡಿ, ಅಂದ, ಕೆಂಪು ಬರಲಿ. ಮೂವರೂ ಕಾದರು. ಚಕ್ರ ತಿರುಗುತ್ತಿಲ್ಲ – ಹೀಟರು ಆರಿದೆ, ಇಸ್ತ್ರಿ ಕಿತ್ತಿದೆ, ಹಗಲು, ದೀಪವಿಲ್ಲ, ಫ್ರಿಜ್ಜು ಸದ್ದಿಲ್ಲದೆ ಕೂತಿದೆ, ಮನೆಯಲ್ಲಿ ಕರೆಂಟು ಕೇಳುವವರು ಯಾರೂ ಇಲ್ಲ, ಕೆಂಪು ಗುರುತು ಅಂಚಿನಲ್ಲಿ ಬಂದು ನಿಂತಿದೆ, ಒಂದೆಳೆಯಷ್ಟು ಕಾಣುತ್ತದೆ, ಅಷ್ಟೇ. ದೋನಾ, ಅಂಕೆ ಕಾಣಿಸ್ತಾ ಇದೆಯಲ್ಲ, ನಾನೇ – ಶ್, ಅಂದಳು ಜುಲ್ಮೀರಾ. ಅಡುಗೆಮನೆಗೆ ಹಿಂತಿರುಗಿದಳು, ಪ್ಲಗ್ಗು ಕೈಗೆತ್ತಿಕೊಂಡಳು, ಗೋಡೆಯ ತೂತುಗಳವರೆಗೆ ತಂದಳು, ಚುಚ್ಚಿದರೆ ಚಕ್ರ ಹೊರಡುತ್ತದೆ, ಕೆಂಪು ಬರುತ್ತದೆ, ಅವನು ಓದುತ್ತಾನೆ, ತಿರುಗಿ ನೋಡುತ್ತಾನೆ, ಮೆನಿನಾ ಅನ್ನುತ್ತಾನೆ, ಆಮೇಲೆ ಎಂದೂ ಇಲ್ಲ. ಚುಚ್ಚದಿದ್ದರೆ ಅವನು ಕಾಯುತ್ತಲೇ ಇರುತ್ತಾನೆ, ಅಲ್ಲಿ, ನೆಟ್ಟಗೆ, ಮೆಟ್ಟಿಲು ಹತ್ತಿ ಬಂದ ಆ ಶನಿವಾರದ ಹಾಗೆ. ಫ್ರಿಜ್ಜು ತಾನಾಗಿಯೇ ಈಗಲೋ ಆಗಲೋ ಶುರುವಾಗಿಬಿಡುತ್ತದೆ, ಅದನ್ನು ಯಾರು ತಡೆಯುವವರು. ತಡಿ, ಅನ್ನುತ್ತಿದ್ದಾನೆ ಹಜಾರದಲ್ಲಿ, ಅವಸರ ಮಾಡ್ಬೇಡ. ಅವಳ ಕೈಯಲ್ಲಿ ಪ್ಲಗ್ಗು. ಗಾಜಿನ ಹಿಂದೆ, ಅಂಚಿನಲ್ಲಿ, ಒಂದೆಳೆ ಕೆಂಪು. ಕೆಂಪು ಬರಲಿ. ಒಂದೆಳೆ ಕೆಂಪು.