ಮಗುಚಿ ಹಾಕಿದ ತೊಲೆ

ಇಪ್ಪತ್ತೆರಡು ವರ್ಷಗಳಿಂದ ನಮ್ಮ ಓಸ್ಟರ್‌ಬೆಕ್ ಊರಿನ ಹಳೆಯ ಕಡತಗಳನ್ನು ಕಾಯುತ್ತಿರುವವನು ನಾನು, ಫ್ರೀಡ್‌ಹೆಲ್ಮ್ ಆವರ್‌ಬೆಕ್. ಯಾವ ಹೊಲಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಯಾರ ಬೇಲಿ ಒತ್ತಿದರು, ಎಲ್ಲ ನನಗೆ ಬಾಯಿಪಾಠ. ಹಾಗಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿದದ್ದು ಕಳೆದ ಮೇ ತಿಂಗಳ ಒಂದು ಗುರುವಾರ. ಇಳಿದದ್ದೇ ಒಳ್ಳೆಯದಾಯಿತು.

ಅವತ್ತು ಬ್ರೆಜಿಲ್‌ನಿಂದ ಇಲ್ಸೆ ವೋರ್ಟ್‌ಮನ್ ಎಂಬಾಕೆ ಬಂದರು. ಅರವತ್ತರ ಆಸುಪಾಸಿನ ಶಾಲಾ ಟೀಚರ್. ಬಾಯಿ ತೆರೆದರೆ ನಮ್ಮೂರಿನ ಹಳೇ ಮಾತು, ಥೇಟ್ ನನ್ನಜ್ಜಿ ಆಡುತ್ತಿದ್ದ ಹಾಗೆ! ಇಲ್ಲಿನ ಮಕ್ಕಳಿಗೆ ಅದರ ಗಂಧಗಾಳಿಯೂ ಇಲ್ಲ.

"ನಮ್ಮಪ್ಪ ಆಲ್ವಿನ್‌ಗೆ ತೊಂಬತ್ತೊಂದು" ಎಂದರು. "ಅವರಜ್ಜ ಎಬರ್‌ಹಾರ್ಟ್ ವೋರ್ಟ್‌ಮನ್ ಈ ಊರಿಂದ ಬಂದೋರು. ಹುಟ್ಟಿದ್ದು 1841. ಆದ್ರೆ ಅವರ ಅಪ್ಪ ಅಮ್ಮ ಯಾರೂಂತ ಯಾರಿಗೂ ಗೊತ್ತಿಲ್ಲ. ದಿಕ್ಕಿಲ್ಲದವನ ವಂಶ ಅಂತ ಜನ ನಮ್ಮನ್ನ ಆಡ್ಕೋತಿದ್ರು. ಅಪ್ಪನಿಗೆ ಅದು ಚಿಕ್ಕಂದಿನಿಂದ ಮನಸ್ಸಲ್ಲಿ ಕೊರೀತಿದೆ. ಕಣ್ಮುಚ್ಚೋದ್ರೊಳಗೆ ನಾವು ಯಾರ ಮನೆಯವರೂಂತ ತಿಳೀಬೇಕಂತೆ."

ಆಕೆ ಸಂಜೆ ಐದರ ಬಸ್ಸಿಗೆ ಹೊರಡಬೇಕಿತ್ತು. ಮರುದಿನವೇ ವಿಮಾನ.

ಹೊಲಮನೆಗಳ ಕಡತದಲ್ಲಿ ಎಬರ್‌ಹಾರ್ಟ್ ಬೇಗನೆ ಸಿಕ್ಕಿದ. 1868ರಲ್ಲಿ ಜಮೀನು ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದ್ದ. ಆದರೆ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ವೋರ್ಟ್‌ಮನ್ ಹೆಸರಿನ ಮಕ್ಕಳಲ್ಲಿ ಅವನಿಲ್ಲ. ಮದುವೆ ಪುಸ್ತಕ ನೋಡೋಣವೆಂದರೆ ಆ ವರ್ಷಗಳ ಹಾಳೆಗಳನ್ನು ಇಲಿ ತಿಂದಿದೆ. ಮಧ್ಯಾಹ್ನದ ಹೊತ್ತಿಗೆ ಧೂಳಿಗೆ ಸೀನಿ ಸೀನಿ ನನಗೆ ಸಿಡುಕು ಹತ್ತಿತ್ತು.

"ಇಲ್ಲಮ್ಮಾ, ಅವನು ಈ ಊರಲ್ಲಿ ಹುಟ್ಟೇ ಇಲ್ಲ" ಎಂದು ಪುಸ್ತಕ ಮುಚ್ಚಿಬಿಟ್ಟೆ.

"ಅಪ್ಪನಿಗೆ ಏನಂತ ಹೇಳ್ಲಿ?" ಎಂದರು ಇಲ್ಸೆ, ಅಷ್ಟೇ. ಕಣ್ಣು ತುಂಬಿತ್ತು. ನನಗೆ ನನ್ನ ಮೇಲೇ ಕೋಪ ಬಂತು. ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಮನೆಗೆ ಕರೆದುಕೊಂಡು ಹೋದೆ.

ನನ್ನ ಹೆಂಡತಿ ಎಲ್‌ಫ್ರೀಡೆ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ದೋಸೆಯಂಥದ್ದನ್ನು ಹಂದಿಮಾಂಸದ ಚೂರು ಹಾಕಿ ಹುಯ್ದುಕೊಟ್ಟಳು. ಊಟ ಮುಗಿಸಿ ಮೂವರೂ ಅಂಗಳದಲ್ಲಿ ಬೆಂಚಿನ ಹಾಗೆ ಹಾಕಿದ ಹಳೇ ಮರದ ತೊಲೆಯ ಮೇಲೆ ಕಾಫಿ ಹಿಡಿದು ಕೂತೆವು.

"ಇದು ನಿಮ್ಮ ವೋರ್ಟ್‌ಮನ್ ಮನೆಯದೇ" ಎಂದೆ, ಸಮಾಧಾನಕ್ಕೆ. "ಮೂವತ್ತು ವರ್ಷದ ಹಿಂದೆ ಆ ಮನೆ ಕೆಡವಿದಾಗ ಹೆಬ್ಬಾಗಿಲ ಮೇಲಿಂದ ಇಳಿಸಿ, ಟ್ರ್ಯಾಕ್ಟರಲ್ಲಿ ಹೇರ್ಕೊಂಡು ಬಂದೆ."

ಎಲ್‌ಫ್ರೀಡೆ ಲೋಟ ಕೆಳಗಿಟ್ಟಳು. "ಹೆಬ್ಬಾಗಿಲ ತೊಲೆ ಮೇಲೆ ಮನೆ ಕಟ್ಟಿಸಿದವರ ಹೆಸರು ಕೆತ್ತಿರ್ತಾರಲ್ವೇನ್ರೀ?"

"ಕೆತ್ತಿದಾರೆ. ಕೂತ್ರೆ ಚುಚ್ಚುತ್ತೆ ಅಂತ ಅಡಿಮೇಲು ಮಾಡಿ ಹಾಕಿದೀನಿ."

"ಓದಿದೀರಾ?"

ತಂದಾಗ ಅದರ ತುಂಬ ಮಸಿ ಮೆತ್ತಿತ್ತು. ಆಮೇಲೆ ತೊಳೆದು ಓದೋಣ ಅಂದುಕೊಂಡಿದ್ದೆ. ಇಲ್ಲವೆಂದು ತಲೆಯಾಡಿಸಿದೆ.

"ಅಯ್ಯೋ ನನ್ನ ಕರ್ಮವೇ! ಊರಿನ ಕಾಗದವೆಲ್ಲ ಓದೋ ಗಂಡಸು, ತನ್ನ ಕುಂಡೆ ಕೆಳಗಿದ್ದಿದ್ದನ್ನ ಓದಿಲ್ಲ! ಏಳ್ರೀ ಮೇಲೆ!"

ಹಾರೆ ಕೊಟ್ಟು ಮೂವರೂ ಸೇರಿ ತೊಲೆಯನ್ನು ಮಗುಚಿದೆವು. ಎಲ್‌ಫ್ರೀಡೆ ಬಕೆಟ್ಟಿನ ನೀರು ಸುರಿದು, ದನ ಉಜ್ಜುವ ಬ್ರಶ್ಶಿನಿಂದ ತಿಕ್ಕಿದಳು. ಒಂದೊಂದೇ ಅಕ್ಷರ ಎದ್ದಿತು. ಇಲ್ಸೆ ಬೆರಳಿಟ್ಟು ಓದಿದರು.

"ಎಬರ್‌ಹಾರ್ಟ್ ವೋರ್ಟ್‌ಮನ್, ಹುಟ್ಟುಮನೆ ಆವರ್‌ಬೆಕ್. ಹೆಂಡತಿ ಕತ್ರೀನಾ ವೋರ್ಟ್‌ಮನ್. ದೇವರ ದಯೆಯಿಂದ ಕಟ್ಟಿಸಿದರು, 1864."

ಆವರ್‌ಬೆಕ್ ಎಂದರೆ ನಮ್ಮದೇ ಮನೆ! ನಮ್ಮ ಕಡೆ ಮನೆ ಅಳಿಯನಾಗಿ ಹೋದವನು ತನ್ನ ಹೆಸರು ಬಿಟ್ಟು ಆ ಹೊಲಮನೆಯ ಹೆಸರು ಹೊರಬೇಕಿತ್ತು. ಮನುಷ್ಯನಿಗಿಂತ ಮಣ್ಣಿನ ಹೆಸರೇ ದೊಡ್ಡದು. ವರ್ಷವರ್ಷವೂ ಶಾಲೆ ಮಕ್ಕಳಿಗೆ ಇದನ್ನು ಪಾಠ ಹೇಳುವವನೇ ನಾನು!

ಒಳಗೆ ಓಡಿ ನಮ್ಮ ಮನೆಯ ವಂಶವೃಕ್ಷ ತಂದೆ. ಮುತ್ತಜ್ಜನ ಪಕ್ಕದಲ್ಲೇ ಅವನ ತಮ್ಮ: ಎಬರ್‌ಹಾರ್ಟ್ ಆವರ್‌ಬೆಕ್, ಜನನ 1841. ಮುಂದೆ ಎಲ್ಲಿಯೂ ಹೆಸರು ಸಿಗದೆ ನಾನೇ ಪೆನ್ಸಿಲ್ಲಿನಲ್ಲಿ ಬರೆದಿದ್ದೆ, 'ಚಿಕ್ಕಂದಿನಲ್ಲೇ ತೀರಿಕೊಂಡ' ಎಂದು. ಅದನ್ನು ಇಲ್ಸೆಗೆ ತೋರಿಸುವಾಗ ನಾಚಿಕೆಯಿಂದ ಸತ್ತೆ.

ಅವರು ಅಳುತ್ತ ನಗುತ್ತ ಅಪ್ಪನಿಗೆ ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟರು. "ನೀವೇ ಹೇಳಿ."

"ಆಲ್ವಿನಜ್ಜ, ನಾನು ಓಸ್ಟರ್‌ಬೆಕ್‌ನಿಂದ ಮಾತಾಡ್ತಿರೋದು."

"ಸಿಕ್ಕಿದ್ರಾ?" ಬಡಕಲು ದನಿ. "ನಾವು ಯಾರ ಮನೆಯೋರಪ್ಪಾ?"

"ನಮ್ಮ ಮನೆಯೋರು, ಅಜ್ಜ. ಈ ಆವರ್‌ಬೆಕ್ ಮನೆಯೋರು. ನಿಮ್ಮಜ್ಜ ಹುಟ್ಟಿದ ಮನೆ ಅಂಗಳದಲ್ಲೇ ನಿಂತಿದೀನಿ."

ಆವರ್‌ಬೆಕ್, ಆವರ್‌ಬೆಕ್ ಎಂದು ಮುದುಕ ಎರಡು ಸಲ ಹೇಳಿ ನೋಡಿದ.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ, ಮಗಾ. ಹಟ್ಟೀಲಿ ದನ ಎಷ್ಟಿವೆ?"

ಮನೆಯವರು ಕೇಳುವ ಮಾತು ಅದು. ನನಗೆ ದುಃಖ ಉಕ್ಕಿ ಬಂತು. ಒಡಹುಟ್ಟಿದವರಿಲ್ಲದ ನನಗೆ ಎಪ್ಪತ್ತನೇ ವಯಸ್ಸಿನಲ್ಲಿ ಒಬ್ಬ ದೊಡ್ಡಪ್ಪ ಸಿಕ್ಕಿದ್ದ. ಹನ್ನೊಂದು ಹಸು, ಎರಡು ಗಬ್ಬ ಎಂದೆ. ಅಜ್ಜ, ಉಪಕಾರ ಆಯ್ತು, ಮಗಳನ್ನ ಕಳಿಸಿದ್ದು ದೊಡ್ಡ ಉಪಕಾರ ಆಯ್ತು ಎಂದೆ.

ಬಸ್ಸು ಬರುವಷ್ಟರಲ್ಲಿ ನಾನು ರಬ್ಬರ್ ಹುಡುಕಿ ಆ ಪೆನ್ಸಿಲ್ ಸಾಲನ್ನು ಅಳಿಸಿದೆ. ಪೆನ್ನು ಇಲ್ಸೆಯ ಕೈಗೆ ಕೊಟ್ಟೆ. ಎಬರ್‌ಹಾರ್ಟನ ಕೆಳಗೆ ಅವರು ಮಗ, ಮೊಮ್ಮಕ್ಕಳು ಎಂದು ಒಂದೊಂದೇ ಹೆಸರು ಬರೆಯುತ್ತ ಹೋದರು. ಹಾಳೆ ಸಾಲದೆ ಎಲ್‌ಫ್ರೀಡೆ ಇನ್ನೊಂದನ್ನು ತಂದು ಅಂಟಿಸಿದಳು.